ಎಂಟು ದಿನದ ತಾರಸಿ

ಹೊತ್ತಲ್ಲದ ಹೊತ್ತಿಗೆ ಆಗುವ ಕೆಲಸಗಳಿಗೆ ಆ ಮನೆಯಲ್ಲಿ ಇದ್ದಷ್ಟು ಹೆಸರು ಬೇರೆ ಯಾವುದಕ್ಕೂ ಇರಲಿಲ್ಲ. ಅನ್ನ ಇನ್ನೂ ಕುದಿಯುತ್ತಿರುವಾಗಲೇ ತಟ್ಟೆ ಹಿಡಿದು ಬಂದವರಿಗೆ ತಾಯಿ ‘ಹೊತ್ತುಗೊತ್ತಿಲ್ಲದ ಹೊಟ್ಟೆ’ ಅನ್ನುತ್ತಿದ್ದಳು. ಮುಂದಿನ ತಿಂಗಳ ಮಾತನ್ನು ಈ ತಿಂಗಳೇ ಆಡುವವರನ್ನು ಕಂಡರೆ ಸೋದರತ್ತೆ ‘ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರಂತೆ’ ಅಂತ ಮೂಗು ಮುರಿಯುತ್ತಿದ್ದಳು. ಮೇಸ್ತ್ರಿ ಒಂದೇ ಪದದ ಮನುಷ್ಯ. ಬೇಗ ಕಿತ್ತ ಹಣ್ಣು, ಬೇಗ ಬಳಿದ ಬಣ್ಣ, ಬೇಗ ಕೊಟ್ಟ ಮಾತು, ಎಲ್ಲಕ್ಕೂ ‘ಹಸಿ’ ಅಂದು ಮುಖ ತಿರುಗಿಸುತ್ತಿದ್ದ.

ಇಷ್ಟೂ ಪದಗಳು ಸಾಲದೆ ಬಂದಾಗ ಮಗಳ ಹೆಸರಿತ್ತು. ಮೇಸ್ತ್ರಿ ತನ್ನ ಮೊದಲ ದೊಡ್ಡ ತಾರಸಿಗೆ ಕಾಂಕ್ರೀಟ್ ಸುರಿಸುತ್ತಿದ್ದ ದಿನವೇ, ಎಂಟು ತಿಂಗಳಿಗೇ ಹುಟ್ಟಿ ಅಪ್ಪನನ್ನು ಕೆಲಸದ ನಡುವೆ ಆಸ್ಪತ್ರೆಗೆ ಓಡಿಸಿದವಳು ಅವಳು. ‘ಶಿವಪೂಜೇಲಿ ಕರಡಿ ಬಿಟ್ಟ ಹಾಗೆ ಬಂದ್ಲಲ್ಲ’ ಎಂದು ಸೋದರತ್ತೆ ತೊಟ್ಟಿಲ ಹತ್ತಿರ ನಿಂತು ಅಂದದ್ದೇ ಗಟ್ಟಿಯಾಯಿತು. ಇಪ್ಪತ್ತೇಳು ವರ್ಷದಿಂದ ಅವಳು ಕರಡಿ. ಸ್ಕೂಲಿನಲ್ಲಿ ಬರೆಸಿದ ಹೆಸರು ಸ್ಕೂಲಿನಲ್ಲೇ ಉಳಿಯಿತು.

ಹೆಸರಿಗೆ ತಕ್ಕ ಬಾಯಿಯೂ ಬಂತು ಅನ್ನಿ. ಸಾವಿನ ಮನೆಗೆ ಮಾತಾಡಿಸಲು ಹೋದರೆ ತಲೆಯೆತ್ತಿ ನೋಡಿ ‘ಈ ತೊಲೆ ಮುಂದಿನ ವರ್ಷ ಇರಲ್ಲ’ ಅನ್ನುವಳು. ತೊಲೆ ಮುಂದಿನ ವರ್ಷ ಇರಲಿಲ್ಲ ಅನ್ನುವುದು ಬೇರೆ ಮಾತು. ಹೇಳಿದ್ದು ನಿಜವಾಯಿತು ಅಂತ ಯಾರೂ ಅವಳನ್ನು ಕರೆದು ಕಾಫಿ ಕೊಡಲಿಲ್ಲ.

ಮನೆಯ ಕಸುಬು ತಾರಸಿ ಹಾಕುವುದು, ಕಸುಬಿನವರ ಮಾತಿನಲ್ಲಿ ಮೋಲ್ಡ್. ಹಲಗೆ ಜೋಡಿಸಿ, ಕೆಳಗಿನಿಂದ ಅವನ್ನು ಹೊತ್ತು ನಿಲ್ಲಲು ಕಬ್ಬಿಣದ ಜಾಕಿಗಳನ್ನು ಕೊಟ್ಟು, ಮೇಲೆ ಕಾಂಕ್ರೀಟ್ ಸುರಿದು, ಅದು ಗಟ್ಟಿಯಾದ ಮೇಲೆ ಜಾಕಿ ಬಿಚ್ಚುವುದು. ಹಲಗೆ, ಜಾಕಿ ಎಲ್ಲ ಮೇಸ್ತ್ರಿಯ ಸ್ವಂತದ್ದು. ಮಗ, ಕರಡಿಯ ಅಣ್ಣ, ಕಂಬಿ ಕಟ್ಟುತ್ತಿದ್ದ, ಜಾಕಿ ಬಿಚ್ಚುತ್ತಿದ್ದ. ಕರಡಿಯದು ನೀರಿನ ಕೆಲಸ. ಹೊಸ ತಾರಸಿಯ ಸುತ್ತ ಗಾರೆಯ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಿ, ಬೆಳಿಗ್ಗೆ ಸಂಜೆ ಹೋಗಿ ಅದು ಒಣಗದಂತೆ ಕಾಯಬೇಕು. ಒಂಬತ್ತು ವರ್ಷದಿಂದ ಅವಳ ಪಾದ ಒಣಗಿದ್ದೇ ಕಡಿಮೆ.

ತಾರಸಿಗೆ ಎಷ್ಟು ದಿನವಾಯಿತು ಅನ್ನುವ ಲೆಕ್ಕ ಇದ್ದದ್ದು ಅಡಿಗೆಮನೆಯ ಬಾಗಿಲ ಹಿಂದೆ. ಕ್ಯಾಲೆಂಡರನ್ನು ಮೇಸ್ತ್ರಿ ನಂಬುತ್ತಿರಲಿಲ್ಲ. ತಿಂಗಳಿಗೆ ಮೂವತ್ತೋ ಮೂವತ್ತೊಂದೋ ಅಂತ ಅದಕ್ಕೇ ನೆಟ್ಟಗೆ ಗೊತ್ತಿಲ್ಲ ಅನ್ನುವುದು ಅವನ ವಾದ. ಆದ್ದರಿಂದ ದಿನಾ ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟ ಮೇಲೆ ತಾಯಿ ಬಾಗಿಲ ಹಿಂದೆ ಒಂದು ಸೀಮೆಸುಣ್ಣದ ಗೀಟು ಎಳೆಯುತ್ತಿದ್ದಳು. ಒಂದು ತಾರಸಿಗೆ ಒಂದು ಸಾಲು. ಹದಿನಾಲ್ಕು ಗೀಟು ಬಿದ್ದ ದಿನ ಜಾಕಿ ಬಿಚ್ಚುವುದು. ಮೂವತ್ತೆರಡು ವರ್ಷದಲ್ಲಿ ಆ ಬಾಗಿಲು ಒಮ್ಮೆಯೂ ಸುಳ್ಳು ಹೇಳಿರಲಿಲ್ಲ.

ಈಗಿನ ತಾರಸಿ ಔಷಧಿ ಅಂಗಡಿಯವರದು. ನಡುವೆ ಕಂಬವಿಲ್ಲದ ದೊಡ್ಡ ಹಾಲ್, ಮುಂದುಗಡೆ ಫುಟ್‌ಪಾತಿನ ಮೇಲೆ ನಾಲ್ಕೂವರೆ ಅಡಿ ಚಾಚಿದ ಬಾಲ್ಕನಿ. ಪಕ್ಕದಲ್ಲೇ ಸ್ಕೂಲು. ಕಾಂಕ್ರೀಟ್ ಸುರಿದ ದಿನವೇ ಎಲ್ಲ ಎಡವಟ್ಟಾಗಿತ್ತು. ಮಿಕ್ಸರ್ ಓಡಿಸುವವನ ಹೆಂಡತಿಗೆ ಮೂರು ವಾರ ಮುಂಚೆಯೇ ಹೆರಿಗೆ ನೋವು ಬಂದು, ಅವನು ಅರ್ಧಕ್ಕೆ ಬಿಟ್ಟು ಓಡಿದ. ಅಂದೇ ಸಂಜೆ ಮೇಸ್ತ್ರಿಗೆ ಜ್ವರ ಬಂತು. ಅದೇ ರಾತ್ರಿ ತಮ್ಮನನ್ನು ನೋಡಲು ಸೋದರತ್ತೆ ಎರಡು ದಿನಕ್ಕೆಂದು ಬಂದಳು. ಎರಡು ದಿನ ಅವಳ ಬಾಯಲ್ಲಿ ಎಷ್ಟು ಬೇಕಾದರೂ ಉದ್ದವಾಗುತ್ತದೆ.

ಅದೇ ಸಮಯಕ್ಕೆ ಇನ್ನೆರಡು ತಾರಸಿಗಳ ಕಂಬಿ ಕೆಲಸ ಬೇರೆ ನಡೆಯುತ್ತಿತ್ತು. ಮಗ ಮೂರು ಕಡೆ ಓಡಾಡಿ ರಾತ್ರಿ ತಟ್ಟೆಯ ಮುಂದೆ ತೂಕಡಿಸುತ್ತಿದ್ದ. ಮೇಸ್ತ್ರಿ ಜ್ವರದಲ್ಲಿ ದಿನವನ್ನೂ ವಾರವನ್ನೂ ಕಳೆದುಕೊಂಡಿದ್ದ. ಎದ್ದು ಕೂತವನು ಮೊದಲು ನೋಡಿದ್ದು ಬಾಗಿಲ ಹಿಂದೆ. ಹನ್ನೆರಡು ಗೀಟು.

“ನಾಡಿದ್ದು ಬಿಚ್ಚಬಹುದು,” ಅಂದ.

ಕರಡಿ ಬಟ್ಟೆ ಹಿಂಡುತ್ತಿದ್ದಳು. “ಯಾಕೋ ಇನ್ನೂ ಬೇಗ ಅನ್ಸುತ್ತೆ ಅಪ್ಪ. ಬೆಳಿಗ್ಗೆ ನಿಲ್ಲಿಸಿದ ನೀರು ಸಂಜೆಗೆ ಇರಲ್ಲ. ಮೋಲ್ಡ್ ಇನ್ನೂ ಕುಡೀತಿದೆ.”

“ಗೀಟು ಸುಳ್ಳು ಹೇಳುತ್ತಾ?”

“ಗೀಟಿನ ಮಾತು ನಂಗೊತ್ತಿಲ್ಲ. ಕಾಲಿಗೆ ಹಾಗನ್ಸುತ್ತೆ.”

“ಜ್ವರ ಬಿಟ್ಟು ಎದ್ದವನ ಮುಂದೆ ಅಪಶಕುನ ಆಡ್ಬೇಡ,” ಅಂದಳು ತಾಯಿ. ಮಾತು ಅಲ್ಲಿಗೆ ನಿಂತಿತು.

ಮೇಸ್ತ್ರಿಯ ಅವಸರಕ್ಕೆ ಕಾರಣವಿತ್ತು. ಔಷಧಿ ಅಂಗಡಿಯವರು ಬಸ್ ನಿಲ್ದಾಣದ ಹಿಂದೆ ಮೂರಂತಸ್ತಿನ ಕಟ್ಟಡ ಎಬ್ಬಿಸುವವರಿದ್ದರು. ಮೇಸ್ತ್ರಿಯ ಮಂಡಿಗಳು ಏಣಿ ಕಂಡರೆ ಅಳುತ್ತಿದ್ದವು. ಆ ಕೆಲಸ ಸಿಕ್ಕರೆ ಅದರಲ್ಲೇ ಮುಂದಿನ ಮೇಸ್ತ್ರಿಯನ್ನು ನಿಲ್ಲಿಸಿ ತಾನು ಕೆಳಗೆ ಕುರ್ಚಿ ಹಾಕಿಕೊಂಡು ಕೂರಬೇಕು ಅಂತ ಅವನ ಆಸೆ. ಮಗನೇ ಮೇಸ್ತ್ರಿ ಅಂತ ಎಲ್ಲರ ಎಣಿಕೆ, ಮಗನೊಬ್ಬನನ್ನು ಬಿಟ್ಟು. ಅವನಿಗೆ ಕಂಬಿ ಅಂದರೆ ಪ್ರಾಣ, ಹತ್ತು ಜನಕ್ಕೆ ಕೆಲಸ ಹೇಳುವುದಂದರೆ ಪ್ರಾಣಸಂಕಟ. “ನಾನಾಗ್ತೀನಿ ಮೇಸ್ತ್ರಿ,” ಅಂತ ಕರಡಿ ಕೇಳಿದ್ದಳು. ಕೇಳಿದ್ದು ಯಾವಾಗ ಅಂದರೆ, ತಾಯಿ ಗಂಡನ ಮಂಡಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದು ಅವನು ಹಲ್ಲು ಕಚ್ಚಿಕೊಂಡಿದ್ದಾಗ. “ಹಸಿ,” ಅಂದಿದ್ದ ಮೇಸ್ತ್ರಿ.

ಹದಿನಾಲ್ಕನೆಯ ಗೀಟು ಬಿದ್ದ ದಿನ ಔಷಧಿ ಅಂಗಡಿಯವರನ್ನು ಊಟಕ್ಕೆ ಕರೆದರು. ಕೋಳಿ ಬೇಯಿಸಿದರು, ಆಲೂಗಡ್ಡೆ ಹುರಿದರು, ನೆರೆಮನೆಯಿಂದ ಹಿಡಿ ಮುರಿಯದ ಕಪ್ಪುಗಳನ್ನು ತಂದರು. ಊಟವಾದ ಮೇಲೆ ಮೂರು ಗಂಟೆಗೆ ಮಗ ಹೋಗಿ ಜಾಕಿ ಬಿಚ್ಚುವುದು, ಔಷಧಿ ಅಂಗಡಿಯವರು ನಿಂತು ನೋಡುವುದು, ಸೋಮವಾರ ಅವರ ಬಾಡಿಗೆದಾರ ಸಾಮಾನು ಇಳಿಸುವುದು. ಎಲ್ಲ ತಾಳೆಯಾಗಿತ್ತು.

ಅಡಿಗೆಮನೆಯಲ್ಲಿ ಕರಡಿ ಅನ್ನ ಬಗ್ಗಿಸಿಕೊಳ್ಳುತ್ತಿದ್ದಳು. ಸೋದರತ್ತೆ ಮೋಟು ಮಣೆಯ ಮೇಲೆ ಕೂತು ಈರುಳ್ಳಿ ಹೆಚ್ಚುತ್ತ ಬಾಗಿಲ ಹಿಂದಿನ ಸಾಲನ್ನು ಹೆಮ್ಮೆಯಿಂದ ನೋಡಿದಳು.

“ನಾನು ಬರದೆ ಇದ್ದಿದ್ರೆ ನಿಮ್ಮಮ್ಮನ ಕೈಲಿ ಇದು ಆಗ್ತಿತ್ತಾ? ಪಾಪ, ಗಂಡನ ಜ್ವರ, ಮನೆಗೆಲಸ. ಮರೆತುಬಿಡ್ತಾಳೆ ಅಂತ, ತಮ್ಮ ಎದ್ದು ಕೂರೋವರೆಗೂ ದಿನಾ ಬೆಳಿಗ್ಗೆ ಎದ್ದ ಕೂಡ್ಲೆ ನಾನೇ ಗೀಟು ಹಾಕ್ತಿದ್ದೆ.”

ಕರಡಿಯ ಕೈಯಲ್ಲಿದ್ದ ಸೌಟು ನಿಂತಿತು. “ಯಾವಾಗ ಹಾಕ್ತಿದ್ರಿ ಅತ್ತೆ?”

“ಎದ್ದ ಕೂಡ್ಲೆ ಅಂದ್ನಲ್ಲ. ನೀವೆಲ್ಲ ಗೊರಕೆ ಹೊಡೀತಿರ್ತೀರಲ್ಲ, ಆಗ.”

“ಅಮ್ಮನೂ ಹಾಕ್ತಾಳಲ್ಲ. ಹಾಲಿಟ್ಟ ಮೇಲೆ.”

ಸೋದರತ್ತೆಯ ಚಾಕು ಈರುಳ್ಳಿಯಲ್ಲೇ ಉಳಿಯಿತು. “ಹಾಕ್ತಾಳಾ?”

ತಾಯಿ ಪ್ರತಿದಿನ ಸಾಲಿನ ಕೊನೆಗೆ ಒಂದು ಗೀಟು ಸೇರಿಸಿ ಹಾಲಿನ ಕಡೆ ತಿರುಗುತ್ತಿದ್ದಳೇ ಹೊರತು ಎಣಿಸುತ್ತಿರಲಿಲ್ಲ. ಸೋದರತ್ತೆಯೂ ಎಣಿಸುತ್ತಿರಲಿಲ್ಲ. ಇಬ್ಬರು ಒಳ್ಳೆಯ ಹೆಂಗಸರು ಸೇರಿ ಆರು ದಿನವನ್ನು ಹನ್ನೆರಡು ಮಾಡಿದ್ದರು.

ಕರಡಿ ಊಟದ ಕೋಣೆಯ ಬಾಗಿಲಲ್ಲಿ ನಿಂತು ಅಪ್ಪನಿಗೆ ಸನ್ನೆ ಮಾಡಿದಳು. ಮೇಸ್ತ್ರಿ ಕಣ್ಣಲ್ಲೇ ಗದರಿದ. ಅವಳು ಮತ್ತೆ ಬಂದು, “ಅಪ್ಪ, ಒಂದು ನಿಮಿಷ,” ಅಂದಳು.

“ಊಟ ಆಗ್ಲಿ,” ಅಂದ ಮೇಸ್ತ್ರಿ.

ಅವಳು ಹಿತ್ತಿಲಿಗೆ ಹೋಗಿ ಮಿಕ್ಸರ್‌ನವನಿಗೆ ಫೋನ್ ಹಚ್ಚಿದಳು. “ನಿನ್ನ ಮಗೂಗೆ ಎಷ್ಟು ದಿನ ಆಯ್ತು?”

“ಇವತ್ತಿಗೆ ಎಂಟು. ನಿನ್ನೆ ತೂಕ ಹಾಕ್ಸಿದ್ವಿ, ಪರವಾಗಿಲ್ಲ ಅಂದ್ರು. ಯಾಕಕ್ಕ?”

“ಚೆನ್ನಾಗಿರ್ಲಿ,” ಅಂದು ಇಟ್ಟಳು.

ಒಳಗೆ ಬರುವಷ್ಟರಲ್ಲಿ ಅಣ್ಣ ಕೈ ತೊಳೆದು ಸುತ್ತಿಗೆ ಎತ್ತಿಕೊಂಡಾಗಿತ್ತು. ಔಷಧಿ ಅಂಗಡಿಯವರು ಕೋಳಿಯ ಕಾಲು ಹಿಡಿದು, “ಇನ್ನು ಆ ಮೂರಂತಸ್ತಿನ ಕೆಲಸ ನಿಮಗಲ್ಲದೆ ಇನ್ಯಾರಿಗೆ ಮೇಸ್ತ್ರಿ,” ಅನ್ನುತ್ತಿದ್ದರು. ಮೇಸ್ತ್ರಿಯ ಮುಖದಲ್ಲಿ ಹತ್ತು ವರ್ಷದಿಂದ ಯಾರೂ ಕಾಣದ ನಗು ಬಂದಿತ್ತು. ಆ ಗಳಿಗೆಯೇ ಸಿಕ್ಕಿತು ಕರಡಿಗೆ.

“ಸಾರ್, ಆ ಮೋಲ್ಡಿಗೆ ಇನ್ನೂ ಎಂಟೇ ದಿನ. ಇವತ್ತು ಬಿಚ್ಚೋ ಹಾಗಿಲ್ಲ.”

“ಏನೇ ಅದು? ಒಳಗೆ ಹೋಗು,” ಅಂದ ಮೇಸ್ತ್ರಿ.

“ಮಿಕ್ಸರ್‌ನವನ ಮಗೂಗೆ ಎಂಟು ದಿನ ಅಪ್ಪ. ಅವನು ಓಡಿಹೋದ ದಿನಾನೇ ತಾನೆ ನಾವು ಸುರಿದದ್ದು? ನೀನು ಮಲಗಿದ್ದಷ್ಟು ದಿನ ಗೀಟು ಎರಡೆರಡು ಬಿದ್ದಿದೆ. ಅತ್ತೇನ ಕೇಳು.”

ಮೇಸ್ತ್ರಿ ಎದ್ದ. ಎಂಜಲು ಕೈಯಲ್ಲೇ ಅಡಿಗೆಮನೆಗೆ ಹೋದ. “ಅಕ್ಕ, ಹೌದಾ?” ಅಂದದ್ದು ಹೊರಗೆ ಕೇಳಿತು. ಅದರ ಹಿಂದೆಯೇ ಅವಳು ಮೂಗು ಸೀಟಿದ್ದು ಕೇಳಿತು. ಹಿಂದಕ್ಕೆ ಬಂದವನ ನಗು ಹೋಗಿತ್ತು. ಮಗನ ಕೈಯಿಂದ ಸುತ್ತಿಗೆ ತೆಗೆದು ಗೋಡೆಗೆ ಒರಗಿಸಿದ.

“ತಪ್ಪಾಗಿದೆ ಸಾರ್. ಇನ್ನೂ ಆರು ದಿನ ಬೇಕು.”

ಔಷಧಿ ಅಂಗಡಿಯವರು ಕೋಳಿಯ ಕಾಲನ್ನು ತಟ್ಟೆಗೆ ಇಳಿಸಿದರು. “ಸೋಮವಾರ ಬಾಡಿಗೆಯವನು ಬರ್ತಾನೆ. ಮಾತು ಕೊಟ್ಟಾಗಿದೆ. ಎಂಟಾದ್ರೇನು, ಹದಿನಾಲ್ಕಾದ್ರೇನು? ಈಗಿನ ಸಿಮೆಂಟು ಎರಡೇ ದಿನಕ್ಕೆ ಕಲ್ಲಾಗುತ್ತೆ.”

“ಏಳು ದಿನದ ಮಾತ್ರೇನ ಎರಡೇ ದಿನದಲ್ಲಿ ನುಂಗಿದ್ರೆ ಕಾಯಿಲೆ ಬೇಗ ವಾಸಿ ಆಗುತ್ತಾ ಸಾರ್?” ಅಂದಳು ಕರಡಿ.

ನ್ಯಾಯವಾದ ಪ್ರಶ್ನೆಯೇ. ಆದರೆ ಮಾತ್ರೆ ಮಾರುವವರನ್ನು ಅವರ ಊಟದ ನಡುವೆ ಕೇಳುವಂಥದ್ದಲ್ಲ. ಔಷಧಿ ಅಂಗಡಿಯವರು ಎದ್ದು ಕೈ ತೊಳೆದುಕೊಂಡರು. “ಮೂರಂತಸ್ತಿನ ಮಾತು ಮರೆತುಬಿಡಿ ಮೇಸ್ತ್ರಿ. ಈ ತಾರಸೀನೂ ಬಿಚ್ಚೋರು ಬಿಚ್ತಾರೆ,” ಅಂತ ಹೇಳಿ ಹೊರಟುಹೋದರು. ಹುರಿದ ಆಲೂಗಡ್ಡೆ ಹಾಗೇ ಉಳಿಯಿತು.

ಮೇಸ್ತ್ರಿ ತಟ್ಟೆ ದೂಡಿ ಹೇಳಿದ:

“ನಿಜ ಹೇಳೋದಕ್ಕೂ ಒಂದು ಹೊತ್ತು ಅಂತ ಇರುತ್ತೆ.”

“ಆ ಹೊತ್ತು ಯಾವುದು ಅಂತ ನೀನೇ ಹೇಳಪ್ಪ. ಎರಡು ಸಲ ಕರೆದೆ. ಅಣ್ಣ ಸುತ್ತಿಗೆ ಹಿಡಿದು ಮೋಲ್ಡಿನ ಅಡಿಗೆ ಹೋದ ಮೇಲೆ ಹೇಳ್ಬೇಕಿತ್ತಾ?”

“ಹತ್ತು ಜನರ ಕೆಲಸ ಹೋಯ್ತು.”

“ಜನ ಉಳಿದ್ರಲ್ಲ,” ಅಂದ ಅಣ್ಣ. ಊಟದ ಹೊತ್ತಿನಲ್ಲಿ ಅವನು ಬಾಯಿ ತೆರೆಯುವುದು ತುತ್ತಿಗೆ ಮಾತ್ರ. ಆದ್ದರಿಂದ ಎಲ್ಲರೂ ಅವನ ಕಡೆ ನೋಡಿದರು. ಅವನು ನಾಚಿಕೊಂಡು ಇನ್ನಷ್ಟು ಅನ್ನ ಹಾಕಿಸಿಕೊಂಡ.

ಅಂದಿನಿಂದ ಮೇಸ್ತ್ರಿ ಮಗಳೊಂದಿಗೆ ಮಾತು ಬಿಟ್ಟ. ಎದುರಿಗೇ ಕೂತಿದ್ದರೂ “ಅವಳಿಗೆ ಉಪ್ಪು ಕೊಡೋಕೆ ಹೇಳು” ಅಂತ ಹೆಂಡತಿಯ ಮೂಲಕ ಕೇಳುತ್ತಿದ್ದ. ಕರಡಿ ಉಪ್ಪಿನ ಡಬ್ಬಿಯನ್ನು ತಾಯಿಯ ಕೈಗೆ ಕೊಡುತ್ತಿದ್ದಳು, ತಾಯಿ ಗಂಡನಿಗೆ ದಾಟಿಸುತ್ತಿದ್ದಳು. ಎರಡನೆಯ ದಿನ ತಾಯಿಗೆ ಸಾಕಾಯಿತು. “ನಾನೇನು ಪೋಸ್ಟ್ ಆಫೀಸಾ?” ಅಂತ ಡಬ್ಬಿಯನ್ನು ಇಬ್ಬರ ನಡುವೆ ಕುಕ್ಕಿದಳು. ಸೋದರತ್ತೆ ತಾನೆಳೆದ ಆರು ಗೀಟು ಒರೆಸಿ, ಸೀಮೆಸುಣ್ಣವನ್ನು ತಾಯಿಯ ಕೈಗೊಪ್ಪಿಸಿ ಬಟ್ಟೆಯ ಚೀಲ ಕಟ್ಟಿಕೊಂಡಳು. “ನನ್ನಿಂದ ಹಾಳಾಯ್ತು, ಹೋಗ್ತೀನಿ,” ಅಂದಳು. “ಹಾಳು ಮಾಡಿ ಹೋಗ್ತೀರಾ ಅತ್ತಿಗೆ? ಪಾತ್ರೆ ಬಿದ್ದಿವೆ,” ಅಂದಳು ತಾಯಿ. ಚೀಲ ಮತ್ತೆ ಗೂಟಕ್ಕೇರಿತು.

ತಾರಸಿಗೆ ಹತ್ತನೆಯ ದಿನ. ಬೆಳಿಗ್ಗೆ ಕರಡಿ ಅದರ ಮೇಲೆ ನೀರು ಬಿಡುತ್ತಿದ್ದಳು. ಕೆಳಗೆ ಗಾಡಿ ನಿಂತ ಸದ್ದಾಯಿತು. ಔಷಧಿ ಅಂಗಡಿಯವರು ಇಳಿದರು, ಅವರ ಹಿಂದೆ ಕುಳ್ಳ ಮೇಸ್ತ್ರಿ ಅಂತ ಹೆಸರಾದ ಇನ್ನೊಬ್ಬ ಮೇಸ್ತ್ರಿ, ಅವನ ನಾಲ್ಕು ಆಳು.

“ಇಳಿಯಮ್ಮ. ಜಾಕಿ ಬಿಚ್ಬೇಕು,” ಅಂದರು ಔಷಧಿ ಅಂಗಡಿಯವರು.

“ಇನ್ನೂ ಹತ್ತೇ ದಿನ ಸಾರ್. ಇಳಿಯಲ್ಲ.”

“ಕಟ್ಟಡ ನನ್ನದು.”

“ಜಾಕಿ ನಮ್ಮಪ್ಪನದು. ತಾರಸಿ ನಿಮ್ಮದೇ, ಇಲ್ಲ ಅಂದವರ್ಯಾರು? ಅದಕ್ಕೇ ಕಾಯ್ತಿದೀನಿ.”

ಅವಳು ಗಾರೆ ಹೊರುವ ಬಾಂಡ್ಲಿಯೊಂದನ್ನು ನೀರಿನಲ್ಲಿ ಬೋರಲು ಹಾಕಿ, ಅದರ ಮೇಲೆ ಕೂತಳು. ಕುಳ್ಳ ಮೇಸ್ತ್ರಿ ಮೇಲೆ ನೋಡಿದ, ಬಾಲ್ಕನಿಯ ಅಂಚನ್ನು ನೋಡಿದ, ಗಲ್ಲ ಕೆರೆದುಕೊಂಡ. “ಮೇಲೆ ಜನ ಇದ್ದಾಗ ಜಾಕಿ ಮುಟ್ಟಲ್ಲ ಸಾರ್. ನಮಗೂ ಮಕ್ಕಳಿದ್ದಾರೆ.”

“ಎಷ್ಟು ಹೊತ್ತು ಕೂರ್ತಾಳೆ? ಹಸಿವಾದ್ರೆ ಇಳೀತಾಳೆ. ಕಾಯಿರಿ,” ಅಂದರು ಔಷಧಿ ಅಂಗಡಿಯವರು.

ಹಸಿವೇನೋ ಆಯಿತು. ಆದರೆ ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಹನ್ನೆರಡು ಗಂಟೆಗೆ ತಾಯಿ ಬುತ್ತಿ ಹಿಡಿದು ಬಂದಳು. ಏಣಿ ಹತ್ತಿ, ಮಗಳ ಮುಂದೆ ಡಬ್ಬಿ ಬಿಚ್ಚಿ, ತಾನೂ ಒಂದು ಬಾಂಡ್ಲಿ ಬೋರಲು ಹಾಕಿ ಕೂತಳು. ಕೆಳಗಿನಿಂದ ಯಾರೋ, “ನೀವಾದ್ರೂ ಬುದ್ಧಿ ಹೇಳ್ಬಾರ್ದಾ?” ಅಂದರು.

“ಇಪ್ಪತ್ತೇಳು ವರ್ಷ ಹೇಳಿದೆ, ಸಾಕಾಯ್ತು,” ಅಂದಳು ತಾಯಿ. “ಈಗ ಅವಳು ಹೇಳೋದನ್ನ ಒಂದ್ಸಲ ಕೇಳ್ತೀನಿ.”

ಅಮ್ಮ ಕರಡಿಯ ಪರವಾಗಿ ಆಡಿದ ಮೊದಲ ಮಾತು ಅದು. ಅಳು ಬಂತು, ಸಂತೋಷಕ್ಕೆ. ಅದನ್ನು ಮರೆಮಾಡಲು, “ಉಪ್ಪು ಕಡಿಮೆ,” ಅಂದಳು.

ಮಾರನೆಯ ದಿನ ಸೋದರತ್ತೆಯೂ ಬಂದಳು. ಅರವತ್ತೆಂಟು ವರ್ಷದ ಹೆಂಗಸು ಏಣಿ ಹತ್ತುವುದನ್ನು ನೋಡಲು ಸ್ಕೂಲಿನ ಮಕ್ಕಳು ಕಾಂಪೌಂಡಿನ ಗೋಡೆಗೆ ಅಂಟಿಕೊಂಡರು. ಮೂರನೆಯ ಮೆಟ್ಟಿಲಲ್ಲಿ ನಿಂತು ದೇವರನ್ನೂ ಐದನೆಯದರಲ್ಲಿ ತಮ್ಮನನ್ನೂ ಬೈದಳು. ಕುಳ್ಳ ಮೇಸ್ತ್ರಿಯೇ ಓಡಿಬಂದು ಏಣಿ ಹಿಡಿದುಕೊಂಡ. ಮೇಲೆ ತಲುಪಿ ನೀರಿಗೆ ಕಾಲಿಟ್ಟಳು. “ಅಯ್ಯೋ, ಏನು ತಣ್ಣಗಿದೆ. ಇದರಲ್ಲಿ ಒಂಬತ್ತು ವರ್ಷ ನಿಂತಿದೀಯೇನೇ?” ಅಂದಳು. ಆಮೇಲೆ ಮೂರು ಬಾಂಡ್ಲಿ, ಮೂರು ಜನ, ಒಂದು ಬುತ್ತಿ. ಅಕ್ಕಿ ಆರಿಸುವುದು, ಅಂಗಿಗೆ ಗುಂಡಿ ಹಾಕುವುದು, ಜಗಳವಾಡುವುದು ಎಲ್ಲ ಅಲ್ಲೇ. ಸಂಜೆ ಅಣ್ಣ ಕೆಲಸ ಮುಗಿಸಿ ಬಂದು, ಜಾಕಿಗಳ ನಡುವೆ ಚಾಪೆ ಹಾಸಿ ಮಲಗುತ್ತಿದ್ದ. “ಯಾರಾದ್ರೂ ಮುಟ್ಟಿದ್ರೆ ನನ್ನ ನಿದ್ದೆ ಕೆಡುತ್ತೆ,” ಅಂದಿದ್ದ. ಅವನ ನಿದ್ದೆ ಕೆಡಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಹಗಲು ಮನೆಯಲ್ಲಿ ಮೇಸ್ತ್ರಿಯೊಬ್ಬನೇ ಉಳಿದ. ಹತ್ತನೆಯ ದಿನ ತಣ್ಣನೆಯ ಅನ್ನ ತಿಂದ. ಹನ್ನೊಂದನೆಯ ದಿನ ತಾನೇ ಮೊಟ್ಟೆ ಬೇಯಿಸಲು ಹೋಗಿ ನೀರು ಕುದಿಯುವ ಮೊದಲೇ ತೆಗೆದ, ಒಡೆದರೆ ಎಲ್ಲ ಅಂಗಿಯ ಮೇಲೆ. ಆ ಅಂಗಿ ಹಾಕಿಕೊಂಡೇ ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಗೀಟುಗಳನ್ನು ನೋಡಿದ. ಕರಡಿ ಬಾಯಿ ಬಿಡದಿದ್ದರೆ ಎಂಟನೆಯ ದಿನ ಮೂರು ಗಂಟೆಗೆ ಏನಾಗುತ್ತಿತ್ತು ಅನ್ನುವುದು ಕಣ್ಣಿಗೆ ಕಟ್ಟಿತು. ಮಗ ಮೊದಲ ಜಾಕಿಗೆ ಸುತ್ತಿಗೆ ಎತ್ತುತ್ತಿದ್ದ, ಔಷಧಿ ಅಂಗಡಿಯವರು ಪಕ್ಕದಲ್ಲಿ ನಿಂತಿರುತ್ತಿದ್ದರು, ಅದು ಸ್ಕೂಲು ಬಿಡುವ ಹೊತ್ತು.

ಹನ್ನೆರಡನೆಯ ದಿನ ಮಧ್ಯಾಹ್ನ ಮೂವರು ಹೆಂಗಸರೂ ಏಣಿ ಕಿರುಗುಟ್ಟಿದ್ದು ಕೇಳಿ ತಿರುಗಿದರು. ಮೊದಲು ಒಂದು ಟೀ ಫ್ಲಾಸ್ಕ್ ಕಾಣಿಸಿತು, ಆಮೇಲೆ ಮೇಸ್ತ್ರಿಯ ನರೆತ ತಲೆ. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರೆಳೆದುಕೊಳ್ಳುತ್ತಿದ್ದ. ಮಂಡಿಗಳ ಗೋಳು ಮುಖದಲ್ಲಿ ಕಾಣುತ್ತಿತ್ತು. ಯಾರೂ ಕೈ ಕೊಡಲಿಲ್ಲ, ಕೊಟ್ಟರೆ ಬೈಯುತ್ತಾನೆ ಅಂತ ಗೊತ್ತಿತ್ತು.

ಮೇಲೆ ಬಂದವನು ಚಪ್ಪಲಿ ಬಿಟ್ಟು ನೀರಿಗಿಳಿದ. ಬಾಲ್ಕನಿಯ ಅಂಚಿನವರೆಗೆ ನಡೆದು ಹೋಗಿ ಬಂದ. ನಾಲ್ಕನೆಯ ಬಾಂಡ್ಲಿ ಇರಲಿಲ್ಲ. ಕರಡಿ ಎದ್ದು ತನ್ನದನ್ನು ದೂಡಿದಳು.

“ಬೇಡ, ಕೂತ್ಕೊ,” ಅಂದ ಮೇಸ್ತ್ರಿ. ನಾಲ್ಕು ದಿನಗಳ ಮೇಲೆ ಮಗಳಿಗೆ ನೇರವಾಗಿ ಆಡಿದ ಮಾತು. ತಾಯಿ ಬೇರೆ ಕಡೆ ನೋಡಿದಳು.

ಅವನು ನಿಂತೇ ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿ ಮೊದಲು ಅವಳಿಗೆ ಕೊಟ್ಟ. “ಅವತ್ತು ನೀನು ಹೇಳದೆ ಇದ್ದಿದ್ರೆ...” ಅಂದವನು ಮುಂದಿನದನ್ನು ನುಂಗಿದ. ಆಮೇಲೆ ಅಷ್ಟೂ ವರ್ಷ ಬಾಯಿಗೆ ಬರದ ಮಾತು ಬಂತು. “ತಪ್ಪು ನಂದು ಮಗಳೇ. ನೀನು ಕರೆದಾಗ ಏಳ್ಬೇಕಿತ್ತು.”

ಕರಡಿ ಟೀ ಕುಡಿದಳು. ಸಕ್ಕರೆ ಹಾಕುವುದನ್ನೇ ಮರೆತಿದ್ದ. ಒಂದು ಹನಿ ಬಿಡದೆ ಕುಡಿದಳು.

ಹದಿನಾಲ್ಕನೆಯ ಗೀಟನ್ನು ತಾಯಿ ಎಳೆಯುವಾಗ ಸೋದರತ್ತೆ ಕೈ ಕಟ್ಟಿಕೊಂಡು ದೂರ ನಿಂತಿದ್ದಳು. ಎಂಟು ಗಂಟೆಗೆಲ್ಲ ಎಲ್ಲರೂ ಕಟ್ಟಡದ ಮುಂದೆ ಸೇರಿದರು. ಔಷಧಿ ಅಂಗಡಿಯವರು ಬಾಡಿಗೆದಾರನನ್ನೂ ಕರೆತಂದಿದ್ದರು. ಕುಳ್ಳ ಮೇಸ್ತ್ರಿ ನೋಡಲೆಂದೇ ಬಂದಿದ್ದ.

“ಸರಿ. ನಿಮ್ಮ ಹದಿನಾಲ್ಕು ಆಯ್ತು. ಇನ್ನು ಬಿಚ್ಚಿ,” ಅಂದರು ಔಷಧಿ ಅಂಗಡಿಯವರು.

ಮೇಸ್ತ್ರಿ ಮಗಳ ಕಡೆ ತಿರುಗಿದ. “ಏನಂತೀಯ?”

ಕರಡಿ ಬರಿಗಾಲಲ್ಲಿ ಏಣಿ ಹತ್ತಿದಳು. ಮೇಲೆಲ್ಲ ಓಡಾಡಿದಳು. ಹಾಲ್‌ನ ನಡುವೆ ನಿಂತಳು, ಬಾಲ್ಕನಿಯ ಬುಡದಲ್ಲಿ ಕೂತು ಅಂಗೈ ಇಟ್ಟಳು. ಕೆಳಗೆ ಎಲ್ಲರೂ ಕತ್ತೆತ್ತಿ ಕಾಯುತ್ತಿದ್ದರು. ಅವಳಿಗೂ ಗೊತ್ತಿತ್ತು, ಈಗ ‘ಹೂಂ’ ಅಂದುಬಿಟ್ಟರೆ ಎಲ್ಲರಿಗೂ ಸಮಾಧಾನ, ಹೋದ ಕೆಲಸವೂ ತಿರುಗಿ ಬಂದೀತು. ಇಳಿದು ಬಂದು ಹೇಳಿದಳು:

“ಹಾಲ್ ಆಗಿದೆ. ಬಾಲ್ಕನಿ ಇವತ್ತು ಬೇಡ. ಈ ವಾರ ಚಳಿ ಜಾಸ್ತಿ ಇತ್ತು, ಬುಡದಲ್ಲಿ ನೀರು ಇನ್ನೂ ಹೀರ್ತಿದೆ. ಇನ್ನೆರಡು ದಿನ ಬಿಟ್ಟು ಎಲ್ಲ ಒಟ್ಟಿಗೆ ಬಿಚ್ಚೋಣ.”

ಔಷಧಿ ಅಂಗಡಿಯವರು ಹಣೆ ಚಚ್ಚಿಕೊಂಡರು. “ಇದೇನು ಮೇಸ್ತ್ರಿ? ನಿಮ್ಮ ಲೆಕ್ಕವೇ ಹದಿನಾಲ್ಕಲ್ವಾ?”

“ನನ್ನ ಲೆಕ್ಕ ಹದಿನಾಲ್ಕು,” ಅಂದ ಮೇಸ್ತ್ರಿ. “ಅವಳು ಹದಿನಾರು ಅಂದ್ರೆ ಹದಿನಾರು.”

ಕುಳ್ಳ ಮೇಸ್ತ್ರಿ ಬಾಲ್ಕನಿಯ ಕೆಳಗಿನಿಂದ ಎರಡು ಹೆಜ್ಜೆ ಹಿಂದೆ ಸರಿದು, “ಹುಡುಗಿ ಹೇಳೋದು ಸರಿ ಇದೆ ಸಾರ್,” ಅಂದ.

ಹದಿನಾರನೆಯ ದಿನ ಬಿಸಿಲು ಚೆನ್ನಾಗಿತ್ತು. ಕರಡಿ ಬೆಳಿಗ್ಗೆ ಒಮ್ಮೆ ಮೇಲೆ ಹೋಗಿ ಬಂದು ಅಣ್ಣನಿಗೆ, “ಇವತ್ತು,” ಅಂದಳು. ಬೀದಿಯ ಎರಡೂ ತುದಿಗೆ ಹಗ್ಗ ಕಟ್ಟಿಸಿದಳು. ಸ್ಕೂಲಿನ ಮಕ್ಕಳನ್ನು ಕಾಂಪೌಂಡಿನ ಒಳಗೇ ನಿಲ್ಲಿಸಿದಳು. ಆಳುಗಳನ್ನು ಎಲ್ಲೆಲ್ಲಿ ನಿಲ್ಲಬೇಕು ಅಂತ ಒಬ್ಬೊಬ್ಬರಿಗೂ ತೋರಿಸಿದಳು.

“ಹಾಲ್‌ನಲ್ಲಿ ಮಧ್ಯದಿಂದ ಶುರು ಮಾಡಿ ಗೋಡೆ ಕಡೆ ಬನ್ನಿ. ಬಾಲ್ಕನೀಲಿ ತುದಿಯಿಂದ ಬುಡಕ್ಕೆ. ಯಾರೂ ಜೋರಾಗಿ ಹೊಡೀಬೇಡಿ. ಒಂದೊಂದೇ ಸಡಿಲ ಮಾಡಿ, ನಿಲ್ಲಿ, ನಾನು ಅಂದ ಮೇಲೆ ಮುಂದಿನದು.”

ಮೇಸ್ತ್ರಿ ರಸ್ತೆಯಾಚೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಎರಡು ಸಲ ಏಳಲು ಹೋದವನನ್ನು ತಾಯಿ ಭುಜ ಒತ್ತಿ ಕೂರಿಸಿದಳು. “ಅವಳು ಮಾಡ್ತಾಳೆ, ಬಿಡಿ.”

ಮೊದಲ ಜಾಕಿ ಸಡಿಲವಾಯಿತು. ಕರಡಿ ತಲೆಯೆತ್ತಿ ಕಿವಿಗೊಟ್ಟಳು. “ಮುಂದಿನದು.” ಎರಡನೆಯದು, ಮೂರನೆಯದು. ಎರಡು ಗಂಟೆಗಳ ಕಾಲ ಬೀದಿಯಲ್ಲಿ ಅವಳ ದನಿಯೊಂದೇ ಕೇಳುತ್ತಿತ್ತು. ಸೋದರತ್ತೆ ಪ್ರತಿ ಜಾಕಿಗೂ ಕಣ್ಣು ಮುಚ್ಚಿ ತೆರೆಯುತ್ತಿದ್ದಳು. ಕೊನೆಗೆ ಬಾಲ್ಕನಿಯ ಬುಡದ ಜಾಕಿಯನ್ನು ಅಣ್ಣ ಎರಡು ಕೈಯಲ್ಲಿ ಹಿಡಿದು ಮೆಲ್ಲನೆ ಪಕ್ಕಕ್ಕೆ ತಂದ. ಬಾಲ್ಕನಿ ಒಂದು ಕೂದಲೆಳೆಯಷ್ಟೂ ಕದಲಲಿಲ್ಲ.

ಆ ಕಸುಬಿನಲ್ಲಿ ಒಂದು ಕಟ್ಟುಪಾಡಿದೆ. ಬಿಚ್ಚಲು ಹೇಳಿದವರೇ ಬರಿದಾದ ತಾರಸಿಯ ಕೆಳಗೆ ಮೊದಲು ಹೋಗಿ ನಿಲ್ಲಬೇಕು. ಮೂವತ್ತೆರಡು ವರ್ಷ ಮೇಸ್ತ್ರಿಯೇ ನಿಂತಿದ್ದ. ಈಗ ಕರಡಿ ಬಿದ್ದ ಹಲಗೆಗಳನ್ನು ದಾಟಿಕೊಂಡು ಹಾಲ್‌ನ ನಡುವಿಗೆ ನಡೆದಳು. ಮೇಲೆ ನೋಡಿದಳು. ಹಲಗೆಗಳ ಗುರುತು ಸಾಲುಸಾಲಾಗಿ ಬಿದ್ದ, ಬೂದು ಬಣ್ಣದ, ಎಲ್ಲಿಯೂ ಬಿರುಕಿಲ್ಲದ ತಾರಸಿ. ಅದರ ಕೆಳಗೆ ಅವಳೊಬ್ಬಳೇ. ಎದೆ ತುಂಬಿ ಬಂತು. ಬೀದಿಯ ಕಡೆ ತಿರುಗಿ, “ಬನ್ನಿ, ಎಲ್ಲ ಒಳಗೆ ಬನ್ನಿ,” ಅಂದಳು.

ತಾಯಿ ಬಂದಳು, ಸೋದರತ್ತೆ ಬಂದಳು, ಆಳುಗಳು, ಬಾಡಿಗೆದಾರ, ಕುಳ್ಳ ಮೇಸ್ತ್ರಿ ಎಲ್ಲ ಬಂದರು. ಮಕ್ಕಳು ಹಗ್ಗ ಹಾರಿಕೊಂಡು ಬಂದು ತಾರಸಿ ನೋಡುತ್ತ ಕೂಗಿದರು, ದನಿ ಗೋಡೆಯಿಂದ ಗೋಡೆಗೆ ಓಡಾಡಿತು. ಮೇಸ್ತ್ರಿ ಮಗನ ಹೆಗಲು ಹಿಡಿದು ಒಳಗೆ ಬಂದು ಮಗಳ ಪಕ್ಕದಲ್ಲಿ ನಿಂತ. ಅವನ ಕಣ್ಣು ಒದ್ದೆಯಾಗಿತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಕೊನೆಗೆ ಬಂದವರು ಔಷಧಿ ಅಂಗಡಿಯವರು. ಬಾಲ್ಕನಿಯ ಕೆಳಗೆ ಒಮ್ಮೆ ನಿಂತು ಮೇಲೆ ನೋಡಿದರು. ಅದು ಕೆಳಗೆ ಬಂದಿದ್ದರೆ ಎಲ್ಲಿ ಬರುತ್ತಿತ್ತು, ಆ ದಿನ ಮೂರು ಗಂಟೆಗೆ ತಾವೆಲ್ಲಿ ನಿಂತಿರುತ್ತಿದ್ದೆವು ಅಂತ ಲೆಕ್ಕ ಹಾಕಿದಂತಿತ್ತು. ಒಳಗೆ ಬಂದು ಗಂಟಲು ಸರಿ ಮಾಡಿಕೊಂಡರು.

“ಮೇಸ್ತ್ರಿ, ಆ ಮೂರಂತಸ್ತಿಂದು ಯಾವಾಗ ಶುರು ಮಾಡೋಣ?”

ಅಭ್ಯಾಸ ಬಲದಿಂದ ಮೇಸ್ತ್ರಿ ಬಾಯಿ ತೆರೆದ. ನೋಡಿದರೆ, ಔಷಧಿ ಅಂಗಡಿಯವರ ಕಣ್ಣು ತನ್ನ ಕಡೆ ಇರಲಿಲ್ಲ. ತೆರೆದ ಬಾಯಿ ಮುಚ್ಚಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದು, ಮಗಳಿಗೆ ಜಾಗ ಬಿಟ್ಟ.

“ನೆಲ ಇನ್ನೂ ನೋಡಿಲ್ಲ ಸಾರ್,” ಅಂದಳು ಹೊಸ ಮೇಸ್ತ್ರಿ. “ನಾಳೆ ಬೆಳಿಗ್ಗೆ ಹೋಗಿ ನೋಡಿ ಹೇಳ್ತೀನಿ.”